ನಮ್ಮವರಿಗೆ ಮಾಸ್ಕ್ ಯಾಕೆ?

2020ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆಯಿಂದ ಶುರು ಮಾಡುತ್ತೇನೆ. ಲಾಕ್‌ಡೌನ್ ಬಂದು ಎರಡು ವಾರ ಆಗಿತ್ತು. ಎರಡು ತಿಂಗಳ ರೇಷನ್ ಒಟ್ಟಿಗೆ ಕೊಡುತ್ತಿದ್ದರು. ಸೊಸೈಟಿಯ ಎದುರು ಸುಣ್ಣದಲ್ಲಿ ವೃತ್ತ ಬರೆದಿದ್ದರು. ಒಂದು ವೃತ್ತಕ್ಕೂ ಇನ್ನೊಂದಕ್ಕೂ ಆರು ಅಡಿ. ಜನ ಸರಿಯಾಗಿ ನಿಲ್ಲುತ್ತಾರಾ ಅಂತ ನೋಡಲು ಆರೋಗ್ಯ ಇಲಾಖೆಯಲ್ಲಿದ್ದ ನಾನೂ ಇಬ್ಬರು ಆಶಾ ಕಾರ್ಯಕರ್ತೆಯರೂ ಹೋಗಿದ್ದೆವು.

ಸಾಲು ಚೆನ್ನಾಗಿಯೇ ಇತ್ತು. ಆದರೆ ಸಾಲಿನಲ್ಲಿ ಜನ ಇರಲಿಲ್ಲ. ಒಂದು ವೃತ್ತದಲ್ಲಿ ಚೀಲ, ಒಂದರಲ್ಲಿ ಕೊಡೆ, ಮತ್ತೊಂದರಲ್ಲಿ ಒಂದು ಜೊತೆ ಚಪ್ಪಲಿ. ಚೀಲದ ಯಜಮಾನರೆಲ್ಲ ಪಕ್ಕದ ಮಾವಿನ ಮರದ ಕೆಳಗೆ ಒತ್ತಾಗಿ ಕೂತು ಮಾತಾಡುತ್ತಿದ್ದರು. ನನಗೆ ಕೋಪ ಬರಲಿಲ್ಲ. ಏಪ್ರಿಲ್ ತಿಂಗಳ ನಮ್ಮ ಕರಾವಳಿಯ ಬಿಸಿಲು ನಿಮಗೆ ಗೊತ್ತುಂಟು. ಅಲ್ಲಿ ಇದ್ದದ್ದು ಒಂದೇ ಮರ. ವಯಸ್ಸಾದವರು ಸುಣ್ಣದ ವೃತ್ತದಲ್ಲಿ ಎರಡು ಗಂಟೆ ನಿಲ್ಲಲಿ ಅಂತ ಹೇಳುವುದು ಹೇಗೆ?

ಅಷ್ಟರಲ್ಲಿ ಒಬ್ಬ ಹುಡುಗ ಬಂದ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಬಾಡಿಗೆ ರೂಮಿನಲ್ಲಿದ್ದವನು. ಅವನೂ ನೆರಳಿಗೆ ಅಂತ ಮರದ ಕಡೆ ಹೆಜ್ಜೆ ಹಾಕಿದ. ಮರದ ಕೆಳಗಿದ್ದವರು ಎದ್ದರು. ಸೆರಗು ಮೂಗಿಗೆ ಬಂತು, ಟವೆಲು ಬಾಯಿಗೆ ಬಂತು. "ಏಯ್, ಅಂತರ, ಅಂತರ" ಅಂತ ಒಬ್ಬರು ಗದರಿಸಿದರು. ಹುಡುಗ ಬಿಸಿಲಿಗೆ ಹೋಗಿ ನಿಂತ.

ಆ ಹುಡುಗ ದೀಪಾವಳಿಯಿಂದ ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮರದ ಕೆಳಗಿದ್ದವರಲ್ಲಿ ಒಬ್ಬರ ಮಗ ದುಬೈಯಿಂದ ಬಂದು ಇಪ್ಪತ್ತು ದಿನ ಆಗಿತ್ತಷ್ಟೆ. ಅವನ ಎಡಗೈಗೆ ಸೀಲು ಒತ್ತಿದ್ದರು, ಬಾಗಿಲಿಗೆ ಚೀಟಿ ಅಂಟಿಸಿದ್ದೂ ನಾವೇ. ಆ ಕಾಲದಲ್ಲಿ ನಮ್ಮ ಜಿಲ್ಲೆಗಳಿಗೆ ರೋಗ ಬಂದದ್ದು ಹೆಚ್ಚಾಗಿ ವಿಮಾನದಲ್ಲಿ. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರ ಪಕ್ಕದಲ್ಲಿ ಕೂರಲು ಯಾರಿಗೂ ಹೆದರಿಕೆ ಆಗಲಿಲ್ಲ. "ಅವರು ನಮ್ಮವರೇ ಅಲ್ವಾ ಸಿಸ್ಟರ್" ಅಂದರು.

ಆವತ್ತು ನಾನು ಅರ್ಥ ಮಾಡಿಕೊಂಡದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಜನ ಅಂತರ ಪಾಲಿಸಲಿಲ್ಲ ಅಂತ ಸುಮ್ನೆ ಹೇಳುತ್ತಾರೆ. ಪಾಲಿಸಿದ್ದಾರೆ. ಆದರೆ ಅಡಿ ಲೆಕ್ಕದಲ್ಲಿ ಅಳೆದು ಅಲ್ಲ. ಯಾರು ನಮ್ಮವರು, ಯಾರು ಹೊರಗಿನವರು ಅಂತ ನೋಡಿ ಪಾಲಿಸಿದ್ದಾರೆ. ರೋಗ ಹೊರಗಿನವರಿಂದ ಬರುತ್ತದೆ, ನಮ್ಮವರಿಂದ ಬರುವುದಿಲ್ಲ ಅನ್ನುವ ನಂಬಿಕೆ ನಮ್ಮೊಳಗೆ ಬಹಳ ಆಳದಲ್ಲಿ ಇದೆ. ಲಾಕ್‌ಡೌನ್ ಮುಗಿದು ಎಲ್ಲರೂ ಮೊದಲಿನ ಹಾಗೆ ಓಡಾಡಲು ಶುರು ಮಾಡಿದಾಗ ನಮ್ಮನ್ನು ಕಾಡಿದ್ದೂ ಅದೇ ನಂಬಿಕೆ.

ವೈರಸ್ಸಿಗೆ ನೆಂಟಸ್ತನ ಗೊತ್ತಿಲ್ಲ. ಕೋವಿಡ್‌ನಲ್ಲಿ ಸೋಂಕು ತಗುಲಿದ ಮೇಲೆ ಜ್ವರ, ಕೆಮ್ಮು ಕಾಣಿಸಲು ಸಾಮಾನ್ಯವಾಗಿ ಐದಾರು ದಿನ ಬೇಕು. ಕೆಲವರಿಗೆ 14 ದಿನದವರೆಗೂ ಹೋಗಬಹುದು. ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಆ ಮನುಷ್ಯನಿಂದ ಬೇರೆಯವರಿಗೆ ಹರಡಲು ಶುರುವಾಗುತ್ತದೆ. ಅಂದರೆ ನಮಗೆ ರೋಗ ಕೊಡುವವರು ನಮ್ಮ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತಾರೆ. ಯಾರ ಜೊತೆ ನಾವು ಜಾಸ್ತಿ ಹೊತ್ತು ಕೂರುತ್ತೇವೆ, ಊಟ ಮಾಡುತ್ತೇವೆ, ಒಂದೇ ಕೋಣೆಯಲ್ಲಿ ಮಲಗುತ್ತೇವೆ? ನಮ್ಮವರ ಜೊತೆಯೇ ಅಲ್ವಾ? ದಾರಿಯಲ್ಲಿ ಎದುರಾದ ಅಪರಿಚಿತರಿಗಿಂತ ಅಪಾಯ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ.

ಆರು ಅಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ಮೀಟರ್ ಅಂದಿತು. ನಮ್ಮಲ್ಲಿ ಎರಡು ಗಜ, ಅಂದರೆ ಆರು ಅಡಿ ಅಂದರು. ಕೆಮ್ಮಿದಾಗ ಬೀಳುವ ದೊಡ್ಡ ಹನಿಗಳು ಅಷ್ಟು ದೂರದೊಳಗೆ ನೆಲಕ್ಕೆ ಬೀಳುತ್ತವೆ ಅನ್ನುವುದು ಅದರ ಹಿಂದಿನ ಲೆಕ್ಕ. ಆದರೆ ಸಣ್ಣ ಹನಿಗಳು ಗಾಳಿಯಲ್ಲೇ ತೇಲುತ್ತವೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಅಡಿ ದೂರ ಕೂತರೂ ಅವು ಮುಟ್ಟುತ್ತವೆ. ಈ ಮಾತನ್ನು ದೊಡ್ಡ ಸಂಸ್ಥೆಗಳು ಸ್ಪಷ್ಟವಾಗಿ ಹೇಳುವಾಗ 2021 ಬಂದಿತ್ತು. ಅಷ್ಟರೊಳಗೆ ನಾವು ರಸ್ತೆಗೆ ಔಷಧಿ ಹೊಡೆದಿದ್ದೆವು, ತರಕಾರಿಯನ್ನು ಸೋಪು ನೀರಲ್ಲಿ ತೊಳೆದಿದ್ದೆವು, ನೋಟಿಗೆ ಇಸ್ತ್ರಿ ಹಾಕಿದ್ದೆವು. ಮದುವೆ ಹಾಲಿನ ಕಿಟಕಿ ಮಾತ್ರ ಎಸಿಗೋಸ್ಕರ ಮುಚ್ಚಿಯೇ ಇತ್ತು. ಇದರಲ್ಲಿ ಜನರ ತಪ್ಪು ಕಡಿಮೆ. ಕಿಟಕಿ ತೆರೆಯಿರಿ ಅಂತ ನಾವು ಆರೋಗ್ಯ ಇಲಾಖೆಯವರು ಮನೆ ಮನೆಗೆ ಹೋಗಿ ಹೇಳಬೇಕಿತ್ತು. ನಾವು ಕೈ ತೊಳೆಯುವುದನ್ನು ತೋರಿಸುವುದರಲ್ಲೇ ದಿನ ಕಳೆದೆವು.

ಇನ್ನು ಆ ಪದ. ಸಾಮಾಜಿಕ ಅಂತರ. 2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯವರು ದೈಹಿಕ ಅಂತರ ಅನ್ನೋಣ, ಮನುಷ್ಯರ ನಡುವಿನ ಸಂಬಂಧ ಇರಲಿ ಅಂದಿದ್ದರು. ನಮ್ಮಲ್ಲಿ ಮೊದಲು ಬಂದ ಪದವೇ ಉಳಿಯಿತು. ಬೇರೆ ಕಡೆ ಇದು ಬರೀ ಒಂದು ಪದ ಇರಬಹುದು. ನಮ್ಮ ಜಿಲ್ಲೆಗಳಲ್ಲಿ ಇದನ್ನು ಕೇಳಿದಾಗ ಕೆಲವರಿಗೆ ಬೇರೆಯೇ ನೆನಪಾಗುತ್ತದೆ. ಇಲ್ಲಿನ ಬುಡಕಟ್ಟು ಸಮುದಾಯವಾದ ಕೊರಗರ ಒಂದು ಕಾಲೊನಿಗೆ ಹೋಗಿ ನಾನು ಅಂತರದ ಬಗ್ಗೆ ವಿವರಿಸುತ್ತಿದ್ದೆ. ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತದೆ, "ನಮಗೆ ಇದನ್ನು ಕಲಿಸಬೇಕಾ ಅಮ್ಮ?" ಅಂದರು. ಮುಂದೆ ನನಗೆ ಮಾತು ಬರಲಿಲ್ಲ.

ಗೊತ್ತಿಲ್ಲದ ಮಕ್ಕಳಿಗೋಸ್ಕರ ಹೇಳುತ್ತೇನೆ. ಹಿಂದೆ ಕೊರಗರಲ್ಲಿ ಒಂದು ಪಂಗಡದವರು ಕುತ್ತಿಗೆಗೆ ಪಾತ್ರೆ ಕಟ್ಟಿಕೊಂಡು ಓಡಾಡಬೇಕಿತ್ತು. ಅವರ ಉಗುಳು ದಾರಿಗೆ ಬೀಳಬಾರದು ಅಂತ. ಅಂಡೆ ಕೊರಗರು ಅಂತಲೇ ಬ್ರಿಟಿಷರ ಕಾಲದ ಬರಹಗಳಲ್ಲಿ ದಾಖಲಾಗಿದೆ. ಅಜಲು ಅಂತ ಇನ್ನೊಂದು ಪದ್ಧತಿ ಇತ್ತು. ಕಾಯಿಲೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಾಯಿಲೆ ಅವರಿಗೆ ಹೋಗಲಿ ಅಂತ. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 2000 ಅಂದರೆ ಬಹಳ ಹಿಂದಿನ ಮಾತಲ್ಲ. ನಾನು ಆಗಲೇ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. ರೋಗವನ್ನು ನಮ್ಮಿಂದ ತೆಗೆದು ಇನ್ನೊಬ್ಬರ ಮೈಮೇಲೆ ಹಾಕಬಹುದು, ಅವರು ಹೊರಗೆ ಇದ್ದರೆ ನಾವು ಒಳಗೆ ಕ್ಷೇಮ ಅನ್ನುವ ಯೋಚನೆಗೆ ಇಷ್ಟು ಹಳೆಯ ಬೇರು ಇದೆ.

ಎಲ್ಲವೂ ಹೀಗೆ ಕೆಟ್ಟದ್ದೇ ಅಂತ ನಾನು ಹೇಳುತ್ತಿಲ್ಲ. ತುಳುವರ ಆಟಿ ತಿಂಗಳಲ್ಲಿ ಆಟಿ ಕಳೆಂಜ ಅನ್ನುವ ವೇಷಧಾರಿ ಮನೆ ಮನೆಗೆ ಬಂದು ಮಾರಿಯನ್ನು ಓಡಿಸುತ್ತಾನೆ. ಮಳೆಗಾಲದ ಕತ್ತಲೆಯಲ್ಲಿ ಆ ತಾಳೆ ಗರಿಯ ಕೊಡೆ ಅಂಗಳಕ್ಕೆ ಬಂದರೆ ಈಗಲೂ ನನಗೆ ಮನಸ್ಸು ಹಗುರ ಆಗುತ್ತದೆ. ನನ್ನ ಅಜ್ಜಿ ಸಿಡುಬಿನ ಕಾಲದವರು. ಅವರು ಹೇಳುತ್ತಿದ್ದರು, ಸಿಡುಬು ಬಂದ ಮನೆಗೆ ಮೊದಲೇ ಸಿಡುಬು ಆಗಿ ವಾಸಿಯಾದವರೇ ಹೋಗಿ ಆರೈಕೆ ಮಾಡಬೇಕು, ಮುಖದಲ್ಲಿ ಕಲೆ ಇದ್ದವರು. ಅವರಿಗೆ ಮತ್ತೆ ಬರುವುದಿಲ್ಲ ಅಂತ ಹಳಬರಿಗೆ ಗೊತ್ತಿತ್ತು. ಉಳಿದವರು ದೂರ ಇರುತ್ತಿದ್ದರು. ಆದರೆ ರೋಗಿಯ ಹತ್ತಿರ ಒಬ್ಬರು ಇರುತ್ತಿದ್ದರು. ಈ ಎರಡನೆಯ ಭಾಗವನ್ನು ನಾವು 2020ರಲ್ಲಿ ಮರೆತೆವು.

ಕೇರಳದ ಗಡಿಯಲ್ಲಿರುವ ತಲಪಾಡಿಯನ್ನು ನೆನಪು ಮಾಡಿಕೊಳ್ಳಿ. ಕಾಸರಗೋಡಿನವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ಇಲ್ಲಿ ಎಷ್ಟೋ ಮನೆಗಳ ಸೊಸೆಯಂದಿರು ಅಲ್ಲಿಯವರು. ಮಾರ್ಚ್ ಕೊನೆಗೆ ಗಡಿ ಮುಚ್ಚಿದರು, ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್ ದಾಟಲಾಗದೆ ಜೀವ ಹೋದ ಸುದ್ದಿ ಒಂದಾದ ಮೇಲೆ ಒಂದು ಬಂತು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರ ಕಳೆಯುವಾಗ ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಯಿತು. ಡಯಾಲಿಸಿಸ್‌ಗೆ ಬರುವವರು ಮೊನ್ನೆಯವರೆಗೆ ನಮ್ಮ ರೋಗಿಗಳಾಗಿದ್ದರು. ಒಂದು ವಾರದಲ್ಲಿ ಅವರು ಕೇರಳದವರಾದರು.

ಅದೇ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಕೋವಿಡ್‌ನಿಂದ ತೀರಿಹೋದ ಒಬ್ಬರ ಶವ ಸುಡಲು ಒಂದು ಕಡೆಯವರು ಬೇಡ ಅಂದರು, ಇನ್ನೊಂದು ಕಡೆಯವರೂ ಬೇಡ ಅಂದರು. ಶವ ಊರಿಂದ ಊರಿಗೆ ಅಲೆದು ತಡರಾತ್ರಿ ಬೇರೆ ಕಡೆ ಸಂಸ್ಕಾರ ಆಯಿತು. ಉರಿಯುವ ಚಿತೆಯಿಂದ ಯಾರಿಗೂ ಕೋವಿಡ್ ಬರುವುದಿಲ್ಲ.

ಮೇ ತಿಂಗಳಲ್ಲಿ ಬಾಂಬೆಯವರು ಬಂದರು. ಶಿರೂರು ಗಡಿ ದಾಟಿ ಬಸ್ಸು, ಕಾರು, ಟೆಂಪೊಗಳಲ್ಲಿ ಸಾವಿರಾರು ಜನ. ಎಲ್ಲ ನಮ್ಮ ಕಡೆಯವರೇ, ಅಲ್ಲಿ ಹೋಟೆಲಿನಲ್ಲಿ ದುಡಿಯುವವರು, ಕ್ಯಾಂಟೀನ್ ನಡೆಸುವವರು. ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದೆವು. ಜೂನ್ ಮೊದಲ ವಾರಕ್ಕೆ ರಾಜ್ಯದಲ್ಲೇ ಜಾಸ್ತಿ ಪ್ರಕರಣ ಉಡುಪಿಯಲ್ಲಿ ಅಂತ ಟಿವಿಯಲ್ಲಿ ಬಂತು. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರು ಆ ಕ್ವಾರಂಟೈನ್‌ನಲ್ಲಿ ಇದ್ದವರೇ.

ಅವರಲ್ಲಿ ಒಬ್ಬರ ಕತೆ ಹೇಳುತ್ತೇನೆ. ಕುಂದಾಪುರ ಕಡೆಯವರು. ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ದುಡಿದವರು. ತಾನು ಕಲಿತ ಶಾಲೆಯಲ್ಲೇ ಕ್ವಾರಂಟೈನ್ ಆದರು. ನೆಗೆಟಿವ್ ಬಂತು. ಮನೆಗೆ ಹೋದರೆ ಅಣ್ಣ ಹಟ್ಟಿಯ ಪಕ್ಕದ ಕಟ್ಟಿಗೆ ಕೊಟ್ಟಿಗೆಯಲ್ಲಿ ಚಾಪೆ, ಕೊಡಪಾನ ಇಟ್ಟಿದ್ದರು. ಬಾವಿ ಹತ್ತಿರ ಬರಬೇಡ, ನೀರು ನಾವೇ ಕೊಡುತ್ತೇವೆ ಅಂದಿದ್ದರು. ನಾನು ವಿಚಾರಿಸಲು ಹೋದಾಗ ಅವರು ಒಂದೇ ಮಾತು ಹೇಳಿದರು. "ಸಿಸ್ಟರ್, ಆ ಬಾವಿಗೆ ರಿಂಗ್ ಹಾಕಿಸಿದ್ದು ನಾನು."

ನೀವು ಕೇಳಬಹುದು, ಅವರು ಸ್ವಂತ ತಮ್ಮ ಅಲ್ವಾ, ನಮ್ಮವರು ಅಲ್ವಾ ಅಂತ. ಹೌದು. ಅದಕ್ಕೇ ಈ ಕತೆ ಹೇಳಿದೆ. ನಮ್ಮವರು ಅನ್ನುವ ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಟಿವಿಯಲ್ಲಿ ದಿನಾ ಮಹಾರಾಷ್ಟ್ರ, ಮಹಾರಾಷ್ಟ್ರ ಅಂತ ಬರುತ್ತಿತ್ತು. ಒಡಹುಟ್ಟಿದವರೂ ಒಂದು ಸಂಜೆಯಲ್ಲಿ ಹೊರಗಿನವರಾದರು. ಆ ಅಣ್ಣನ ಮನೆಯವರು ಅದೇ ವಾರ ಪಕ್ಕದ ಮನೆಯ ಸೀಮಂತಕ್ಕೆ ಹೋಗಿ ಊಟ ಮಾಡಿ ಬಂದಿದ್ದರು.

ಜೂನ್ 8ರಿಂದ ಹೋಟೆಲು, ದೇವಸ್ಥಾನ ತೆರೆಯಲು ಅನುಮತಿ ಸಿಕ್ಕಿತು. ಬಸ್ಸು ಬಂತು. ಮೊದಲು ಸೀಟಿಗೆ ಒಬ್ಬರು. ಕೆಲವು ವಾರಗಳಲ್ಲಿ ಕಂಡಕ್ಟರು ಮತ್ತೆ "ದುಂಬು ಪೋಲೆ, ದುಂಬು ಪೋಲೆ", ಮುಂದೆ ಹೋಗಿ ಅಂತ ತುಳುವಿನಲ್ಲಿ ಹೇಳುತ್ತಾ ಒಳಗೆ ಒತ್ತತೊಡಗಿದರು. ಫೋನು ಮಾಡಿದರೆ ಮೊದಲು ಕೆಮ್ಮು, ಆಮೇಲೆ ಎಚ್ಚರಿಕೆ, ನೆನಪುಂಟಾ? ಮೊದಲ ವಾರ ಆ ಕೆಮ್ಮು ಕೇಳಿ ಎದೆ ಝಲ್ ಅನ್ನುತ್ತಿತ್ತು. ಆಮೇಲೆ ಅದು ಮುಗಿಯುವವರೆಗೆ ಫೋನು ಕಿವಿಯಿಂದ ದೂರ ಹಿಡಿಯುತ್ತಿದ್ದೆವು. ಹೆದರಿಕೆಯನ್ನು ದಿನಾ ಕೇಳಿಸಿದರೆ ಕಿವಿಗೆ ಅಭ್ಯಾಸ ಆಗಿಬಿಡುತ್ತದೆ.

ಬೇಗ ಹೊರಗೆ ಬಂದವರನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಬೀಡಿ ಕಟ್ಟುವ ಹೆಂಗಸರು ನಮ್ಮಲ್ಲಿ ಎಷ್ಟು ಮನೆಗಳಲ್ಲಿದ್ದಾರೆ ನೋಡಿ. ಬೀಡಿ ಕಂಪನಿಯ ಬ್ರಾಂಚ್ ಮುಚ್ಚಿದರೆ ಎಲೆ ಇಲ್ಲ, ಹೊಗೆಸೊಪ್ಪಿಲ್ಲ, ವಾರದ ಮಜೂರಿ ಇಲ್ಲ. ಮಲ್ಪೆ ಬಂದರಿನಲ್ಲಿ ಮೀನು ಹಿಡಿಯುವ ಬೋಟುಗಳು ನಿಂತದ್ದು ದುಡಿಯುವ ತಿಂಗಳಲ್ಲೇ. ಆ ವರ್ಷ ಯಾಂತ್ರಿಕ ಬೋಟುಗಳ ಮಳೆಗಾಲದ ರಜೆಯನ್ನು ಜೂನ್ 1ರ ಬದಲು ಜೂನ್ 15ರಿಂದ ಶುರು ಮಾಡಿದರು, ಸ್ವಲ್ಪ ದಿನವಾದರೂ ಸಿಗಲಿ ಅಂತ. ಬಂದರಿನಲ್ಲಿ ಮೀನಿನ ಹರಾಜು ಆರು ಅಡಿ ದೂರದಲ್ಲಿ ನಿಂತು ಕೂಗಲು ಬರುವುದಿಲ್ಲ. ಮಾರ್ಚ್‌ನಲ್ಲಿ ತಿರುಗಾಟ ನಿಲ್ಲಿಸಿದ ಯಕ್ಷಗಾನ ಮೇಳದ ಕಲಾವಿದರು ಮುಂದಿನ ತಿರುಗಾಟದವರೆಗೆ ಏನು ತಿನ್ನಬೇಕಿತ್ತು? ಇವರೆಲ್ಲ ಹೊಟ್ಟೆಪಾಡಿಗೆ ಹೊರಗೆ ಬಂದವರು. ಬುಟ್ಟಿ ಹೊತ್ತು ಬಂಗುಡೆ ಮಾರುವ ಅಕ್ಕ ಗಾಳಿಯಲ್ಲಿ, ಬಿಸಿಲಲ್ಲಿ, ಗೇಟಿನ ಹೊರಗೆ ಐದು ನಿಮಿಷ ನಿಲ್ಲುತ್ತಿದ್ದರು. ಅವರ ಕೈಯಿಂದ ಮೀನು ತೆಗೆದುಕೊಳ್ಳುವಾಗ ನಾವು ಮಾಸ್ಕ್ ಏರಿಸಿಕೊಂಡೆವು. ಒಳಗೆ ಹೋಗಿ ಹತ್ತು ಜನ ನೆಂಟರ ಜೊತೆ ಊಟಕ್ಕೆ ಕೂರುವಾಗ ತೆಗೆದೆವು.

ಮದುವೆಗೆ ಐವತ್ತೇ ಜನ ಅಂತ ನಿಯಮ ಇತ್ತು. ಹಾಲಿನಲ್ಲಿ ಐವತ್ತರ ಲೆಕ್ಕ ಸರಿಯಾಗಿಯೇ ಇರುತ್ತಿತ್ತು, ಪೊಲೀಸರು ಬರುತ್ತಾರೆ ಅಂತ. ಹಿಂದಿನ ರಾತ್ರಿ ಮನೆಯ ಮೆಹಂದಿಗೆ ಲೆಕ್ಕ ಇರಲಿಲ್ಲ. ಒಂದು ಮನೆಯ ಯಜಮಾನರನ್ನು ನಾನೇ ಕೇಳಿದೆ. "ಹೊರಗಿನವರು ಯಾರೂ ಇಲ್ಲ ಸಿಸ್ಟರ್, ಎಲ್ಲ ಕುಟುಂಬದವರೇ" ಅಂದರು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಕುಟುಂಬದವರು ಅಂದರೆ ಅಪಾಯ ಇಲ್ಲ ಅಂತ ಅವರು ನಿಜವಾಗಿಯೂ ನಂಬಿದ್ದರು.

ನಾನೂ ನಂಬಿದ್ದೆ. ಇದನ್ನು ಹೇಳುವುದು ನನಗೆ ಸುಲಭ ಅಲ್ಲ. 2021ರ ಜನವರಿ 16ರಂದು ಲಸಿಕೆ ಶುರುವಾಯಿತು, ನಮಗೆ ಮೊದಲು ಕೊಟ್ಟರು. ಏಪ್ರಿಲ್ ಬರುವಾಗ ನನಗೆ ಎರಡೂ ಡೋಸ್ ಆಗಿತ್ತು. ನಮ್ಮ ಹೊಸ ವರ್ಷದ ಹಬ್ಬ ಬಿಸುವಿಗೆ ಮಂಗಳೂರಿನಲ್ಲಿರುವ ಅಕ್ಕನ ಮನೆಗೆ ಹೋದೆ. ದಿನವಿಡೀ ಡ್ಯೂಟಿಯಲ್ಲಿ ಎರಡು ಮಾಸ್ಕ್ ಹಾಕುತ್ತಿದ್ದವಳು ಅಕ್ಕನ ಮನೆಯ ಮೆಟ್ಟಿಲಲ್ಲೇ ತೆಗೆದು ಬ್ಯಾಗಿಗೆ ಹಾಕಿದೆ. ಹೊರಗೆ ಸೆಖೆ, ಫ್ಯಾನು ಹಾಕಿ ಬಾಗಿಲು ಎಳೆದುಕೊಂಡು ಮೂರು ಗಂಟೆ ಕೂತು ಮಾತಾಡಿದೆವು. ಭಾವನಿಗೆ ಶುಗರ್ ಇತ್ತು. ನಾಲ್ಕನೇ ದಿನ ನನಗೆ ಜ್ವರ ಬಂತು. ಎಂಟನೇ ದಿನ ಭಾವನಿಗೆ. ನನ್ನದು ಮೂರು ದಿನದಲ್ಲಿ ಇಳಿಯಿತು. ಭಾವ ಇಪ್ಪತ್ತು ದಿನ ಆಕ್ಸಿಜನ್‌ನಲ್ಲಿದ್ದರು. ಆ ಎರಡನೇ ಅಲೆಯಲ್ಲಿ ಬೆಡ್ ಸಿಗುವುದೇ ಎಷ್ಟು ಕಷ್ಟ ಇತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಬದುಕಿ ಬಂದರು. ಈಗಲೂ ಒಂದು ಮಹಡಿ ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ.

ಅದು ನನ್ನಿಂದಲೇ ಹೋಯಿತಾ, ಬೇರೆಯವರಿಂದ ಬಂತಾ, ಯಾರಿಗೂ ಹೇಳಲು ಆಗದು. ಅಕ್ಕ ಒಂದು ದಿನವೂ ಕೇಳಲಿಲ್ಲ. ಅಕ್ಕ ಕೇಳದೆ ಇರುವುದೇ ನನಗೆ ಜಾಸ್ತಿ ಭಾರ. ಆವತ್ತು ನಾನು ಮಾಸ್ಕ್ ಹಾಕಿಯೇ ಒಳಗೆ ಹೋಗಿದ್ದರೆ ಅಕ್ಕನಿಗೆ ಬೇಸರ ಆಗುತ್ತಿತ್ತು, ನನ್ನನ್ನು ಹೊರಗಿನವಳ ಹಾಗೆ ಮಾಡಿದೆಯಲ್ಲಾ ಅನ್ನುತ್ತಿದ್ದಳು. ನಾನು ಹೆದರಿದ್ದು ಆ ಮಾತಿಗೆ.

ಈ ಗಂಟನ್ನು ಬಿಡಿಸದೆ ನಮಗೆ ಮುಂದೆ ದಾರಿ ಇಲ್ಲ. ಮಾಸ್ಕ್ ಹಾಕಿದರೆ, ಸ್ವಲ್ಪ ದೂರ ಕೂತರೆ ಅವಮಾನ ಮಾಡಿದ ಹಾಗೆ ಅಂತ ನಮಗೆ ಅನ್ನಿಸುತ್ತದೆ. ಯಾಕೆಂದರೆ ನಾವು ದೂರವನ್ನು ತಲೆತಲಾಂತರದಿಂದ ಅವಮಾನ ಮಾಡಲಿಕ್ಕೇ ಬಳಸಿದ್ದೇವೆ. ಆ ಅಜ್ಜಿ ಬುಟ್ಟಿಯಿಂದ ತಲೆ ಎತ್ತದೆ ಹೇಳಿದ್ದು ಅದನ್ನೇ. ಹೀಗಿರುವಾಗ ಪ್ರೀತಿ ಇದ್ದವರಿಂದ ದೂರ ಕೂರುವುದು ಹೇಗೆ ಅಂತ ನಮಗೆ ಗೊತ್ತೇ ಇರಲಿಲ್ಲ.

2022ರ ಮಾರ್ಚ್ ಕೊನೆಗೆ ಕೇಂದ್ರದ ನಿರ್ಬಂಧಗಳು ಹೋದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಅಂದಿತು. ಅಷ್ಟು ಹೊತ್ತಿಗೆ ಸುಣ್ಣದ ವೃತ್ತ ಎಷ್ಟೋ ಮಳೆಗೆ ತೊಳೆದುಹೋಗಿತ್ತು. ನಾನು ಈಗ ನಿವೃತ್ತಿ ಆಗಿದ್ದೇನೆ, ಯಾರಿಗೂ ಆದೇಶ ಕೊಡುವ ಹಾಗಿಲ್ಲ. ಆದರೂ ಹೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಶೀತ, ಜ್ವರ ಬಂದರೆ ಆ ಕೋಣೆಯ ಕಿಟಕಿ ತೆರೆಯಿರಿ, ಮಳೆ ಇದ್ದರೂ ಒಂದು ರೆಕ್ಕೆಯನ್ನಾದರೂ ತೆರೆಯಿರಿ. ವಯಸ್ಸಾದವರು, ಶುಗರ್ ಇದ್ದವರು ಇರುವ ಮನೆಗೆ ಕೆಮ್ಮುತ್ತಾ ಹೋಗಬೇಡಿ. ಹೋಗಲೇಬೇಕಾದರೆ ಮಾಸ್ಕ್ ಹಾಕಿ, ಜಗಲಿಯಲ್ಲಿ ಕೂತು ಮಾತಾಡಿ. ಯಾರಾದರೂ ಹಾಗೆ ಮಾಡಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಾನು ಈಗ ಶೀತ ಇದ್ದರೆ ಅಕ್ಕನ ಮನೆಯ ಜಗಲಿ ದಾಟುವುದಿಲ್ಲ. ಅಕ್ಕ ಅಲ್ಲಿಗೇ ಕಾಫಿ ತರುತ್ತಾಳೆ, ತಾನೂ ಅಲ್ಲೇ ಕೂರುತ್ತಾಳೆ.

ಕಳೆದ ವರ್ಷ ಆ ಬಾಂಬೆಯವರ ಮನೆಗೆ ಹೋಗಿದ್ದೆ. ದೈವದ ಕೋಲ ಇತ್ತು, ಅವರೂ ಮುಂಬೈಯಿಂದ ಬಂದಿದ್ದರು. ಅಣ್ಣ ತಮ್ಮ ಮಾತಾಡುತ್ತಿದ್ದರು, ನಗುತ್ತಿದ್ದರು. ಬಾವಿ ಕಟ್ಟೆಯಲ್ಲಿ ಮಕ್ಕಳು ನೀರು ಸೇದುತ್ತಿದ್ದರು. ಊಟಕ್ಕೆ ಎಲೆ ಹಾಕಿದ್ದು ಒಳಗೆ ಚಾವಡಿಯಲ್ಲಿ. ಅತ್ತಿಗೆ ಬಂದು ಕರೆದರು, ಅಣ್ಣನೂ ಕರೆದರು. ಅವರು ಒಳಗೆ ಹೋಗಲಿಲ್ಲ. ಬಟ್ಟಲಿಗೆ ಅನ್ನ ಹಾಕಿಸಿಕೊಂಡು ಜಗಲಿಗೆ ಬಂದು ನನ್ನ ಪಕ್ಕ ಕೂತರು. "ಇಲ್ಲೇ ಗಾಳಿ ಒಳ್ಳೆದುಂಟು ಸಿಸ್ಟರ್" ಅಂದರು.